ಲಂಡನ್ ವಾದ್ಯವೃಂದಕ್ಕೆ ಮೈಸೂರಿನ ಸೇವಾಕರ್ತರು

ಬೆಳ್ಮಣ್: ಒಂದು ಮನೆತನ ವೆಚ್ಚ ಭರಿಸಿ ಆಡಿಸುವ ಹರಕೆ ಆಟವನ್ನು ಊರೆಲ್ಲ ಕುಳಿತು ನೋಡುವುದು ಕರಾವಳಿಗೆ ಹೊಸತಲ್ಲ. ಪಾಶ್ಚಾತ್ಯ ವಾದ್ಯವೃಂದದ ಕಚೇರಿಗೂ ಇಂಥ ಸೇವಾಕರ್ತರು ಬೇಕು. ಎಂಬತ್ತು ತೊಂಬತ್ತು ಕಲಾವಿದರ ಸಂಭಾವನೆ, ಅಭ್ಯಾಸ, ಸಭಾಂಗಣದ ಬಾಡಿಗೆ ಎಲ್ಲವೂ ಟಿಕೆಟ್ ಹಣದಿಂದಲೇ ಹುಟ್ಟುವುದು ಅಪರೂಪ.

ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಆ ಆಸರೆ ದೊರೆತದ್ದು ಮೈಸೂರಿನಿಂದ. ಪಿಯಾನೊ ವಾದಕರೂ ಆಗಿದ್ದ ಜಯಚಾಮರಾಜೇಂದ್ರ ಒಡೆಯರ್ ಅದರ ಕಚೇರಿ ಸಂಘದ ಮೊದಲ ಅಧ್ಯಕ್ಷರು. ರಷ್ಯದ ಬಾಲಕಿರೆವ್‌ನ ಮೊದಲ ಸಿಂಫನಿಯನ್ನು 1949ರಲ್ಲಿ ಕರಾಯನ್ ನಿರ್ದೇಶನದಲ್ಲಿ ಧ್ವನಿಮುದ್ರಿಸಲಾಯಿತು. ಅದರ ಹಿಂದೆ ಇದ್ದುದು ಅರಸರ ಹಣ.

1950ರ ಮೇ 22ರ ರಾತ್ರಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಕೇಳಿಬಂದವು. ರಚನಕಾರ ತೀರಿಕೊಂಡು ಎಂಟು ತಿಂಗಳಾಗಿತ್ತು. ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಕ ಫುರ್ಟ್‌ವೆಂಗ್ಲರ್. 4,800 ಡಾಲರುಗಳ ಖಾತರಿ ನೀಡಿದ್ದ ಒಡೆಯರು ಮಾತ್ರ ಸಭೆಯಲ್ಲಿರಲಿಲ್ಲ. ಗೀತೆಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಅವರ ಕೋರಿಕೆ. ಅವರ ಸಂಗ್ರಹದಲ್ಲಿ ಆಗಲೇ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವೆಂದು ಅಂದಾಜು.

ಈ ಗೀತೆಗಳಲ್ಲಿ ಪಿಟೀಲಿನ ಕೆಲಸ ಕುತೂಹಲಕರ. ನಮ್ಮ ಕಚೇರಿಯಲ್ಲಿ ಗಾಯಕರನ್ನು ನೆರಳಿನಂತೆ ಹಿಂಬಾಲಿಸುವ ಪಿಟೀಲು ಒಂದೇ. ಸರದಿ ಬಂದಾಗ ಮನೋಧರ್ಮಕ್ಕೂ ಅವಕಾಶವುಂಟು. ವಾದ್ಯವೃಂದದಲ್ಲಿ ಸುಮಾರು ಮೂವತ್ತು ಪಿಟೀಲುಗಳು ಎರಡು ಗುಂಪುಗಳಾಗಿ ಬರೆದ ಸ್ವರವನ್ನಷ್ಟೇ ನುಡಿಸುತ್ತವೆ. ಆದರೆ ಹರ್ಮನ್ ಹೆಸ್ಸೆಯ ಕವಿತೆಯನ್ನು ಆಧರಿಸಿದ, ನಿದ್ರೆಗೆ ಜಾರುವ ಹೊತ್ತಿನ ಗೀತೆಯಲ್ಲಿ ಗಾಯಕಿ ಮೌನವಾಗುತ್ತಾಳೆ, ಒಂದೇ ಪಿಟೀಲು ಗುಂಪಿನಿಂದ ಮೇಲೆದ್ದು ದೀರ್ಘವಾದ ರಾಗವನ್ನು ನುಡಿಸುತ್ತದೆ. ಬಳಿಕ ಗಾಯಕಿ ಅದೇ ರಾಗವನ್ನು ಎತ್ತಿಕೊಳ್ಳುತ್ತಾಳೆ. ಇಲ್ಲಿ ಹಿಂಬಾಲಿಸುವುದು ಪಿಟೀಲಲ್ಲ, ಕಂಠ!

ಸಂಸ್ಥಾನ ಗಣರಾಜ್ಯದಲ್ಲಿ ಸೇರಿದ ಬಳಿಕ ಈ ನೆರವು ಬಹುಕಾಲ ಮುಂದುವರಿಯಲಿಲ್ಲ. ಅಷ್ಟರಲ್ಲಿ ವಾದ್ಯವೃಂದ ನೆಲೆಯೂರಿತ್ತು. ಇಂದಿಗೂ ಲಂಡನ್ನಿನಲ್ಲಿ ನುಡಿಸುತ್ತಿದೆ. ಆ ಗೀತೆಗಳ 1950ರ ಧ್ವನಿಮುದ್ರಣವೂ ಗೊರಗೊರ ಸದ್ದಿನ ನಡುವೆ ಕೇಳಲು ಸಿಗುತ್ತದೆ.