ಓಲೆಗರಿಗಳ ಛಾಯಾಗ್ರಹಣದಲ್ಲಿ ಮುಕ್ಕಾಲಿಯ ವಿಚಾರ

ಹಸ್ತಪ್ರತಿಗಳನ್ನು ಅರಸಿಕೊಂಡು ಊರಿಗೆ ಹೋಗುವ ಹೊರನಾಡ ವಿದ್ವಾಂಸನಿಗೆ ದೊರೆಯುವ ಅವಕಾಶ ಬಹುಮಟ್ಟಿಗೆ ಒಂದು ಹಗಲಿನದು. ಮನೆಯ ಹಿರಿಯರು ಓಲೆಯ ಕಟ್ಟನ್ನು ಬಿಚ್ಚಲು ಒಪ್ಪುತ್ತಾರೆ. ಹೊರಗೆ ಒಯ್ಯಲು ಒಪ್ಪುವುದಿಲ್ಲ, ಅದು ನ್ಯಾಯವೂ ಹೌದು. ಹಿಂದೆ ಕೈಬರಹದಿಂದ ನಡೆಯುತ್ತಿದ್ದ ನಕಲಿನ ಕೆಲಸವನ್ನು ಈಗ ಕ್ಯಾಮೆರಾ ಮಾಡುತ್ತದೆ. ಆದರೆ ಮುಂಬಯಿಗೋ ದೆಹಲಿಗೋ ಹಿಂದಿರುಗಿ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಅಕ್ಷರ ದಕಾರವೋ ಧಕಾರವೋ ತಿಳಿಯದೆ ಹೋದರೆ, ಆ ಕಟ್ಟು ಮತ್ತೊಮ್ಮೆ ಬಿಚ್ಚೀತೆಂಬ ಭರವಸೆಯಿಲ್ಲ. ಇವೆರಡರ ಅಂತರ ಕಂಠದಿಂದ ಕೊರೆದ ಒಂದು ಸಣ್ಣ ಸೀಳು. ಕ್ಯಾಮೆರಾ ತುಸು ಅಲುಗಿದರೂ ಅದು ಮಾಸಿಹೋಗುತ್ತದೆ.

ಟ್ರೈಪಾಡ್ ಎಂಬ ಮುಕ್ಕಾಲಿಯು ಮೂಲತಃ ಎದುರಿನ ದೃಶ್ಯಕ್ಕಾಗಿ ನಿರ್ಮಿತವಾದ ಸಾಧನ. ಅಲ್ಲಿ ಕ್ಯಾಮೆರಾದ ಭಾರ ಮೂರು ಪಾದಗಳ ನಡುವೆಯೇ ಬೀಳುತ್ತದೆ. ಮೇಲಿನಿಂದ ನೇರವಾಗಿ ಕೆಳಗೆ ನೋಡಬೇಕಾದಾಗ ಕ್ಯಾಮೆರಾವನ್ನು ಹೊರಕ್ಕೆ ಚಾಚಬೇಕಾಗುತ್ತದೆ. ಆಗ ಮುಕ್ಕಾಲಿ ಮಗುಚಲು ಹವಣಿಸುತ್ತದೆ. ನಡುಗಂಬವನ್ನು ತಲೆಕೆಳಗಾಗಿ ಸಿಕ್ಕಿಸಿ ಕಾಲುಗಳ ನಡುವೆಯೇ ಕ್ಯಾಮೆರಾವನ್ನು ತೂಗಬಿಡುವ ಉಪಾಯವೂ ಉಂಟು. ನಾಣ್ಯಗಳಿಗೆ ಅದು ಸಾಕು. ಉದ್ದವಾದ ಗರಿಗಳಿಗಾದರೋ ಕಾಲುಗಳೂ ಅವುಗಳ ನೆರಳೂ ಅಡ್ಡ ಬರುತ್ತವೆ, ಗರಿ ಮಗುಚುವ ಕೈಗೆ ಎಡೆಯಿರುವುದಿಲ್ಲ.

ಆದುದರಿಂದ ಕೊಳ್ಳುವಾಗ ನಡುಗಂಬವನ್ನು ಅಡ್ಡಲಾಗಿ ಮಲಗಿಸಬಹುದಾದ ಮುಕ್ಕಾಲಿಯನ್ನೋ, ಪ್ರತ್ಯೇಕ ಅಡ್ಡತೋಳನ್ನು ಜೋಡಿಸಬಹುದಾದುದನ್ನೋ ಆರಿಸಬೇಕು. ಹಗುರವೆಂಬುದು ಇಲ್ಲಿ ಗುಣವಲ್ಲ. ನಿಲ್ಲಿಸುವಾಗ ಒಂದು ಕಾಲು ಅಡ್ಡತೋಳಿನ ನೇರ ಕೆಳಗೆ ಬರಬೇಕು. ನಡುವಿನಿಂದ ಪಾದಕ್ಕಿರುವ ದೂರಕ್ಕೆ ಹೋಲಿಸಿದರೆ, ಎರಡು ಪಾದಗಳನ್ನು ಸೇರಿಸುವ ಗೆರೆಗಿರುವ ದೂರ ಅರ್ಧ ಮಾತ್ರ. ಎರಡು ಕಾಲುಗಳ ನಡುವಿಗೆ ತೋಳು ಚಾಚಿದರೆ ಮಗುಚುವ ಭಯ ಅಷ್ಟು ಹೆಚ್ಚು. ಗರಿಯನ್ನು ಮೇಜಿನ ಮೇಲಿಟ್ಟರೆ ಮುಂದಿನ ಕಾಲು ಮೇಜಿನ ಅಡಿಗೆ ಸರಿದು ಚಿತ್ರಕ್ಕೆ ಅಡ್ಡ ಬಾರದು.

ತೋಳಿನ ಹಿಂಬದಿಗೆ ಎದುರುಭಾರ ಬೇಕೇ ಬೇಕು. ಕ್ಯಾಮೆರಾ ಮತ್ತು ಮಸೂರ ಸೇರಿ 1.4 ಕಿಲೋ ತೂಗಿ, ನಡುವಿನಿಂದ 40 ಸೆಂ.ಮೀ. ಮುಂದೆ ಇದ್ದರೆ, ಹಿಂದೆ 28 ಸೆಂ.ಮೀ. ದೂರದಲ್ಲಿ 2 ಕಿಲೋ ಭಾರ ಅದನ್ನು ಸರಿದೂಗುತ್ತದೆ. ಎರಡು ಕಿಲೋ ಅಕ್ಕಿಯ ಚೀಲ ಯಾವ ಮನೆಯಲ್ಲಿಲ್ಲ? ಅದನ್ನು ನಡುಗಂಬದ ಕೊಕ್ಕೆಗೆ ತೂಗುಹಾಕುವವರುಂಟು. ಅದರ ಪ್ರಯೋಜನ ಕಡಿಮೆ, ತೂಗಾಡಿದರೆ ಹಾನಿಯೇ ಹೆಚ್ಚು. ಮೊದಲು ಚೀಲ, ಬಳಿಕ ಕ್ಯಾಮೆರಾ, ಎಲ್ಲವೂ ಬಿಗಿಯಾದ ಮೇಲೆಯೇ ಓಲೆ. ಬಿಚ್ಚುವಾಗ ಮೊದಲು ಸರಿಯಬೇಕಾದದ್ದು ಓಲೆ, ಆಮೇಲೆ ಕ್ಯಾಮೆರಾ, ಕೊನೆಗೆ ಚೀಲ. ಈ ಕ್ರಮ ತಪ್ಪಿ ಕ್ಯಾಮೆರಾ ಒಣಗಿದ ಗರಿಯ ಮೇಲೆ ಬಿದ್ದರೆ ಅದನ್ನು ಕೂಡಿಸುವವರಿಲ್ಲ.

ಎತ್ತರದ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಂಡು ಹೊರಡುವುದು ಲೇಸು. 36 ಮಿ.ಮೀ. ಅಗಲದ ಸಂವೇದಕವುಳ್ಳ ಕ್ಯಾಮೆರಾಕ್ಕೆ 50 ಮಿ.ಮೀ. ಮಸೂರವನ್ನು ತೊಡಿಸಿದರೆ, 48 ಸೆಂ.ಮೀ. ಉದ್ದದ ಹರಹನ್ನು ಹಿಡಿಯಲು ಸಂವೇದಕವು ಓಲೆಯಿಂದ ಸುಮಾರು 77 ಸೆಂ.ಮೀ. ಮೇಲಿರಬೇಕು. 100 ಮಿ.ಮೀ. ಮಸೂರಕ್ಕೆ ಇದರ ಇಮ್ಮಡಿ ಬೇಕು. ಮೇಜಿನ ಮೇಲೆ ಅಷ್ಟು ಎತ್ತರಕ್ಕೆ ಏರುವ ಮುಕ್ಕಾಲಿಗಳು ವಿರಳ. ಉದ್ದಕ್ಕೆ 6000 ಬಿಂದುಗಳಿದ್ದರೆ ಓಲೆಯ ಒಂದು ಅಂಗುಲಕ್ಕೆ ಸುಮಾರು 317 ಬಿಂದುಗಳು ಸಿಗುತ್ತವೆ. ಅಕ್ಷರ ತೀರ ಸಣ್ಣದಾದರೆ ಗರಿಯನ್ನು ಎರಡು ಭಾಗವಾಗಿ ತೆಗೆಯುವುದೇ ಮೇಲು.

ಜೂಮ್ ಮಸೂರಗಳು ಕೆಳಮುಖವಾಗಿ ನಿಂತಾಗ ತಮ್ಮ ಭಾರಕ್ಕೆ ತಾವೇ ಜಾರುವುದುಂಟು. ಸ್ಥಿರ ಮಸೂರ ಅಥವಾ ಒಂದು ತುಂಡು ಟೇಪು ಇದಕ್ಕೆ ಪರಿಹಾರ. ಕೊರಳಪಟ್ಟಿಯನ್ನೂ ಕಳಚಿಡಬೇಕು, ಇಲ್ಲವಾದರೆ ಅದೇ ಚಿತ್ರದೊಳಕ್ಕೆ ಇಳಿಬೀಳುತ್ತದೆ.

ಕ್ಯಾಮೆರಾ ಓಲೆಗೆ ಸಮಾನಾಂತರವಾಗಿದೆಯೇ ಎಂದರಿಯಲು ಕನ್ನಡಿಗಿಂತ ಉತ್ತಮ ಸಾಧನವಿಲ್ಲ. ಓಲೆಯಿಡುವ ಜಾಗದಲ್ಲಿ ಚಪ್ಪಟೆಯಾದ ಕನ್ನಡಿಯಿಟ್ಟು ನೋಡಿದಾಗ ಮಸೂರದ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಾಣಬೇಕು. ಬದಿಗೆ ಸರಿದಿದ್ದರೆ ಕ್ಯಾಮೆರಾ ಓರೆಯಾಗಿದೆ. ಗರಿಯ ಒಂದು ತುದಿ ಸ್ಪಷ್ಟವಾಗಿ ಇನ್ನೊಂದು ಮಸುಕಾಗುತ್ತದೆ.

ಹಳೆಯ ಮನೆಯ ಉಪ್ಪರಿಗೆಯ ಹಲಗೆ ನೆಲ ಹೆಜ್ಜೆ ಹೆಜ್ಜೆಗೂ ನಡುಗುತ್ತದೆ. ಕೆಳಗಿನ ಗಟ್ಟಿ ನೆಲವನ್ನು ಕೇಳಿ ಪಡೆಯಬೇಕು. ಗುಂಡಿಯನ್ನು ಒತ್ತದೆ ಟೈಮರನ್ನು ಬಳಸಬೇಕು. ಮೊದಲ ನಾಲ್ಕು ಗರಿಗಳ ಚಿತ್ರವನ್ನು ಅಲ್ಲಿಯೇ ಹಿಗ್ಗಿಸಿ, ಎರಡು ತುದಿಗಳ ಒತ್ತಕ್ಷರಗಳನ್ನು ಓದಿ ನೋಡಿದ ಮೇಲೆಯೇ ಐದನೆಯ ಗರಿಗೆ ಕೈಹಾಕಬೇಕು.