ಗಯ್ಯಾಳಿಯ ಕೊನೆಯ ಮಾತು

ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಹೆಸರಾಂತ ಹಾಸ್ಯನಾಟಕ. ಆದರೆ ಇಂದಿನ ಸಹೃದಯನು ಅದನ್ನು ಕಂಡು ನಿಶ್ಚಿಂತೆಯಿಂದ ನಗಬಲ್ಲನೆ? ಗಯ್ಯಾಳಿಯೆನಿಸಿಕೊಂಡ ಕ್ಯಾಥರೀನಳನ್ನು ಪೆಟ್ರೂಷಿಯೋ ಹಣದಾಸೆಯಿಂದ ವರಿಸುತ್ತಾನೆ. ಅನ್ನ ನಿದ್ರೆಗಳನ್ನು ತಪ್ಪಿಸಿ, ಬೇಟೆಗಾರನು ಡೇಗೆಯನ್ನು ಪಳಗಿಸುವಂತೆ ಪಳಗಿಸುತ್ತಾನೆ. ಕೊನೆಗೆ ಅವಳು 40ಕ್ಕೂ ಮಿಕ್ಕ ಪಂಕ್ತಿಗಳಲ್ಲಿ ಪತಿಸೇವೆಯ ಧರ್ಮವನ್ನು ಇತರ ಹೆಂಗಸರಿಗೆ ಬೋಧಿಸುತ್ತಾಳೆ. ಈ ಮುಕ್ತಾಯವನ್ನು ಬರ್ನಾರ್ಡ್ ಷಾ 1897ರಷ್ಟು ಹಿಂದೆಯೇ ಸಹಿಸದೆ ಖಂಡಿಸಿದ್ದನು.

ಹಾಗೆಂದು ನಾಟಕವನ್ನು ಕೈಬಿಟ್ಟವರಿಲ್ಲ. 2003ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಎಲ್ಲ ಪಾತ್ರಗಳನ್ನೂ ಸ್ತ್ರೀಯರೇ ವಹಿಸಿದರು. 2019ರಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಯು ಗಂಡುಹೆಣ್ಣುಗಳ ಸ್ಥಾನಗಳನ್ನೇ ಅದಲುಬದಲು ಮಾಡಿತು. ಈ ಪ್ರಯೋಗಗಳ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೂ ರೋಗಕ್ಕೆ ಮದ್ದು ಹಿತ್ತಲಿನಲ್ಲಿಯೇ ಇದೆಯೆಂದು ನನ್ನ ನಂಬಿಕೆ.

ಅದು ನಾಟಕದ ಪೀಠಿಕೆ. ಸ್ಲೈ ಎಂಬ ಕುಡುಕ ಕಲಾಯಿಗಾರನೊಬ್ಬನನ್ನು ಶ್ರೀಮಂತನೊಬ್ಬ ವಿನೋದಕ್ಕಾಗಿ ‘ನೀನೇ ಪ್ರಭು’ ಎಂದು ನಂಬಿಸುತ್ತಾನೆ. ಅವನಿಗೊಬ್ಬಳು ಹೆಂಡತಿ ಬೇಕಲ್ಲ! ಊಳಿಗದ ಹುಡುಗನಿಗೆ ಹೆಣ್ಣುಡುಗೆ ತೊಡಿಸಿ, ವಿಧೇಯ ಸತಿಯಂತೆ ನಡೆಯುವ ನುಡಿಯುವ ರೀತಿಯನ್ನು ಹೇಳಿಕೊಡಲಾಗುತ್ತದೆ. ಕಣ್ಣೀರು ಬಾರದಿದ್ದರೆ ಕರವಸ್ತ್ರದಲ್ಲಿ ಈರುಳ್ಳಿಯಿಟ್ಟುಕೊಳ್ಳೆಂಬ ಉಪಾಯವೂ ಉಂಟು. ಪೆಟ್ರೂಷಿಯೋನ ಕಥೆಯೆಲ್ಲವೂ ಈ ಕುಡುಕನ ಮುಂದೆ ಆಡುವ ಆಟ ಮಾತ್ರ.

ಸಮಯ ಉಳಿಸಲೆಂದು ಅನೇಕ ನಿರ್ದೇಶಕರು ಕತ್ತರಿಸುವುದು ಈ ಭಾಗವನ್ನೇ. ನಷ್ಟ ಸಣ್ಣದಲ್ಲ. ವಿಧೇಯತೆ ಹೆಣ್ಣಿನ ಹುಟ್ಟುಗುಣವಲ್ಲ, ಕಲಿಸಿ ಆಡಿಸಬಹುದಾದ ಪಾತ್ರವೆಂದು ಮೊದಲೇ ಕಂಡ ಪ್ರೇಕ್ಷಕನು ಕ್ಯಾಥರೀನಳ ಉಪದೇಶವನ್ನು ಬೇರೆ ಕಿವಿಯಿಂದ ಕೇಳುತ್ತಾನೆ. ಷೇಕ್ಸ್‌ಪಿಯರನ ಕಾಲದಲ್ಲಿ ಅವಳ ಪಾತ್ರವನ್ನೂ ಹುಡುಗನೇ ವಹಿಸುತ್ತಿದ್ದನೆಂಬುದನ್ನು ವಾಚಕರು ನೆನೆಯಬೇಕು. 1978ರಲ್ಲಿ ಮೈಕೇಲ್ ಬೊಗ್ಡಾನೊವ್ ನಿರ್ದೇಶಿಸಿದ ಪ್ರಯೋಗದಲ್ಲಿ ಸ್ಲೈ, ಪೆಟ್ರೂಷಿಯೋ ಇಬ್ಬರನ್ನೂ ಜೊನಾಥನ್ ಪ್ರೈಸ್ ಒಬ್ಬನೇ ಅಭಿನಯಿಸಿದನು. ಪುರುಷನ ವಿಜಯವು ಕುಡುಕನ ಕನಸಾಗಿ ತೋರಿತು.

ಪೀಠಿಕೆಯಿಂದ ಅನ್ನ ಕಸಿದ ಕ್ರೌರ್ಯ ಅಳಿಯದು; ಅಳಿಯಲೂಬಾರದು. ಕೊನೆಯ ಭಾಷಣವನ್ನು ಮೊಟಕುಗೊಳಿಸದೆ, ಕಣ್ಣುಮಿಟುಕಿಸಿ ಹಗುರಮಾಡದೆ, ಪೂರ್ತಿಯಾಗಿ ಆಡಿಸಲಿ. ಕ್ಯಾಥರೀನ್ ನಿಜವಾಗಿ ಸೋತಳೆ, ಉಳಿವಿಗಾಗಿ ಪಾಠ ಒಪ್ಪಿಸಿದಳೆ? ಆ ತೀರ್ಪನ್ನು ನಿರ್ದೇಶಕನು ನಮಗೆ ಬಿಡಲಿ.