ಮನಸ್ಸನ್ನು ಅಳೆಯುವವರ ಧರ್ಮ

(ದೃಶ್ಯ: ತೋಲ್ಪೆಟ್ಟಿಯತ್ತ ಸಾಗುವ ಕಾಡುಹಾದಿ)

ವಯನಾಡಿನ ಬೇಗೂರಿನಂಥ ಕಾಡಂಚಿನ ಊರಿನಲ್ಲಿ, ಮನೆಯೊಳಗೆ ಕನ್ನಡಕ್ಕೆ ಸಮೀಪವಾದ ಕಾಟ್ಟುನಾಯಕ ಬುಡಕಟ್ಟಿನ ನುಡಿಯನ್ನಾಡುವ ಬಾಲಕನನ್ನು ಮಲಯಾಳದ ಪ್ರಶ್ನೆಗಳಿಂದ ಪರೀಕ್ಷಿಸಿ, ಅವನ ಮೌನವನ್ನೇ ಮಂದಬುದ್ಧಿಯೆಂದು ಬರೆದಿಟ್ಟರೆ, ಆ ಪರೀಕ್ಷೆಯ ಅಂಕವು ಅವನ ಬುದ್ಧಿಯ ವಿಷಯದಲ್ಲಿ ಏನನ್ನೂ ಹೇಳಲಾರದು.

(ದೃಶ್ಯ: ಮೇಜಿನ ಮೇಲೆ ಚಿತ್ರಫಲಕ, ಮರದ ತುಂಡುಗಳು)

ಇಂಥ ಕಾರಣದಿಂದಲೇ ಮನಶ್ಶಾಸ್ತ್ರಜ್ಞ ವಿ. ವಿ. ಕಾಮತರು, ಫ್ರಾನ್ಸಿನ ಬಿನೆಯ ಬುದ್ಧಿಪರೀಕ್ಷೆಯನ್ನು ಧಾರವಾಡದ ಕನ್ನಡ, ಮರಾಠಿ ಮಕ್ಕಳಿಗೆ ತಕ್ಕಂತೆ 1930ರ ದಶಕದಲ್ಲಿ ಮಾರ್ಪಡಿಸಿದರು.

(ದೃಶ್ಯ: ಸರ್ವೋಚ್ಚ ನ್ಯಾಯಾಲಯ)

ಅಳೆಯುವ ಸಾಧನ ಯೋಗ್ಯವಾದರೂ ಸಮ್ಮತಿ ಬೇಕು. ಅಪರಾಧದ ತನಿಖೆಯಲ್ಲಿಯೂ ಒಪ್ಪಿಗೆಯಿಲ್ಲದೆ ಯಾರನ್ನೂ ಮಂಪರು ಪರೀಕ್ಷೆಗಾಗಲಿ ಸುಳ್ಳುಪತ್ತೆ ಪರೀಕ್ಷೆಗಾಗಲಿ ಒಳಪಡಿಸಲಾಗದೆಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ತೀರ್ಪಿತ್ತಿತು.

ಸಮ್ಮತಿಯಷ್ಟೇ ಮುಖ್ಯವಾದುದು ಗೋಪ್ಯತೆ. ಮಾನಸಿಕ ಚಿಕಿತ್ಸೆಯಲ್ಲಿ ತಿಳಿದುಬಂದ ಸಂಗತಿಗಳ ಗೋಪ್ಯತೆಯನ್ನು, ಕೆಲವು ಅಪವಾದಗಳನ್ನುಳಿದು, 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 23ನೆಯ ಕಲಮು ರಕ್ಷಿಸುತ್ತದೆ. ಅಳೆಯುವವರಿಗೆ ಅರ್ಹತೆಯೂ ಬೇಕು: ಚಿಕಿತ್ಸಾ ಮನಶ್ಶಾಸ್ತ್ರಜ್ಞರ ನೋಂದಣಿಯು ಭಾರತೀಯ ಪುನರ್ವಸತಿ ಪರಿಷತ್ತಿಗೆ ಸೇರಿದೆ.

ಆದುದರಿಂದ ಮಗುವನ್ನು ಪರೀಕ್ಷೆಗೆ ಕರೆದೊಯ್ಯುವ ತಂದೆತಾಯಂದಿರು ಪರೀಕ್ಷಕರನ್ನು ಸಂಕೋಚವಿಲ್ಲದೆ ಕೇಳಬೇಕು: ತಮ್ಮ ನೋಂದಣಿಯುಂಟೇ? ಪರೀಕ್ಷೆ ಯಾವ ಭಾಷೆಯಲ್ಲಿ? ವರದಿಯನ್ನು ಯಾರು ಓದುವರು?